ಸೈರೆನ್‌ಗೆ ‘ಮತ್ಸ್ಯಕನ್ಯೆ’ ಅನ್ನಬಹುದಾ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಗ್ರೀಕ್ ಕವಿ ಹೋಮರನ ಒಡಿಸ್ಸಿ ಮಹಾಕಾವ್ಯದ ಕತೆಗಳನ್ನು ಅಣ್ಣನ ಮಗಳಿಗೆ ಓದಿ ಹೇಳೋಣ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. 12ನೇ ಸರ್ಗಕ್ಕೆ ಬಂದು ನಿಂತಿದ್ದೇನೆ. ಅಲ್ಲಿ ಹಾಡಿ ನಾವಿಕರನ್ನು ಸೆಳೆಯುವ ಸೈರೆನ್‌ಗಳು ಬರುತ್ತಾರಲ್ಲ, ಅವರನ್ನು ಏನೆಂದು ಕರೆಯಲಿ? ಮತ್ಸ್ಯಕನ್ಯೆ ಎಂದು ಬರೆದವರಿದ್ದಾರೆ. ನಾನೂ ಮೊದಲು ಹಾಗೇ ಬರೆದಿದ್ದೆ. ಈಗ ಅಳಿಸಿದ್ದೇನೆ.

ಯಾಕೆಂದರೆ ಹೋಮರ್ ಎಲ್ಲೂ ಮೀನಿನ ಬಾಲ ಹೇಳುವುದಿಲ್ಲ. ಬಾಲ ಇರಲಿ, ಅವರು ನೋಡಲು ಹೇಗಿದ್ದರು ಅಂತಲೇ ಹೇಳುವುದಿಲ್ಲ. ಒಂದು ಹುಲ್ಲುಗಾವಲು, ಸುತ್ತ ಕೊಳೆಯುತ್ತಿರುವ ಗಂಡಸರ ಮೂಳೆಗಳ ರಾಶಿ, ಮತ್ತೆ ಆ ದನಿ. ಅಷ್ಟೇ. ಅದೇ ಸರ್ಗದಲ್ಲಿ ಬರುವ ಸ್ಕಿಲ್ಲಾ ಎಂಬ ಪೆಡಂಭೂತಕ್ಕೆ 12 ಕಾಲು, 6 ಕತ್ತು, ಪ್ರತಿ ಬಾಯಲ್ಲೂ ಮೂರು ಸಾಲು ಹಲ್ಲು ಎಂದು ಎಣಿಸಿ ಎಣಿಸಿ ಹೇಳುವ ಕವಿ ಇಲ್ಲಿ ಮಾತ್ರ ಸುಮ್ಮನಾಗುತ್ತಾನೆ. ಬೇಕೆಂದೇ ಸುಮ್ಮನಾದ ಅಂತ ನನಗನ್ನಿಸುತ್ತದೆ, ಕಿವಿಗೆ ಮಾತ್ರ ಸಿಗುವ ಭಯ ಅದು.

ಮುಂದಿನ ಗ್ರೀಕರು ಅವರನ್ನು ಹಕ್ಕಿಗಳಾಗಿ ಕಂಡರು. ಕ್ರಿ.ಪೂ. 3ನೇ ಶತಮಾನದ ಅಪೊಲೋನಿಯಸ್ ತನ್ನ ಆರ್ಗೋನಾಟಿಕ ಕಾವ್ಯದಲ್ಲಿ ಅರ್ಧ ಹಕ್ಕಿ ಅರ್ಧ ಹುಡುಗಿ ಅನ್ನುತ್ತಾನೆ. ಅದಕ್ಕೂ ಹಿಂದಿನ, ಸುಮಾರು ಕ್ರಿ.ಪೂ. 480ರ ಒಂದು ಮಣ್ಣಿನ ಪಾತ್ರೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಒಡಿಸ್ಸಿಯ ನಾಯಕ ಒಡಿಸ್ಯೂಸನನ್ನು, ಹಾಡು ಕೇಳಿ ಅತ್ತ ಹೋಗದಂತೆ, ಹಡಗಿನ ಪಟಮರಕ್ಕೆ ಕಟ್ಟಿದ್ದಾರೆ, ಹೆಣ್ಣಿನ ತಲೆಯ ಮೂರು ಹಕ್ಕಿಗಳಿವೆ, ಒಂದು ತಲೆಕೆಳಗಾಗಿ ಬೀಳುತ್ತಿದೆ. ಮೀನಿನ ಬಾಲ ಬಂದದ್ದು ಎಷ್ಟೋ ಶತಮಾನಗಳಾದ ಮೇಲೆ, ಯುರೋಪಿನ ಮಧ್ಯಯುಗದ ಬರಹಗಳಲ್ಲಿ. ಇವತ್ತು ಫ್ರೆಂಚಿನ ಸಿರೆನ್, ಸ್ಪ್ಯಾನಿಶ್‌ನ ಸಿರೇನಾ ಎರಡಕ್ಕೂ ಮತ್ಸ್ಯಕನ್ಯೆ ಎಂದೇ ಅರ್ಥ. ಈ ಗೊಂದಲ ನಮ್ಮದಲ್ಲ, ಅವರದು. ಅದನ್ನು ಕನ್ನಡಕ್ಕೆ ಯಾಕೆ ತರಬೇಕು, ಅಲ್ವಾ?

ಹಾಗಾದರೆ ಏನನ್ನಬೇಕು? ‘ಕಿನ್ನರಿ’ ನನಗೆ ತುಂಬಾ ಹಿಡಿಸಿತ್ತು. ಹಾಡು ಇದೆ, ನಮ್ಮ ಶಿಲ್ಪಗಳಲ್ಲಿ ಎಷ್ಟೋ ಕಡೆ ಹಕ್ಕಿ ಮೈಯೂ ಇದೆ. ಆದರೆ ಕಿನ್ನರಿ ಅಂದ ಕೂಡಲೇ ನಮಗೆ ಹಿತವಾದದ್ದು ನೆನಪಾಗುತ್ತದೆ, ಆ ಹೆಸರಿನ ತಂತಿವಾದ್ಯವೂ ಇದೆ. ಮೂಳೆಗಳ ರಾಶಿ ಅದರ ಜೊತೆ ಕೂರುವುದಿಲ್ಲ. ‘ಯಕ್ಷಿ’ ಅನ್ನೋಣವೆಂದರೆ ಜೈನರಲ್ಲಿ ಯಕ್ಷಿಯರು ಪೂಜೆ ಪಡೆಯುವ ದೇವತೆಯರು.

‘ಮೋಹಿನಿ’ಯೂ ಬೇಡ. ಮೋಹಿನಿ ರೂಪದಿಂದ ಸೆಳೆಯುವವಳು. ಸೈರೆನ್‌ಗಳು ಒಡಿಸ್ಯೂಸನಿಗೆ ಹಾಡುವುದು ಎಂಟೇ ಸಾಲು, ಅದರಲ್ಲಿ ಪ್ರೇಮದ ಮಾತು ಒಂದೂ ಇಲ್ಲ. ಹೆಸರು ಹಿಡಿದು ಕರೆಯುತ್ತಾರೆ, ಹಡಗು ನಿಲ್ಲಿಸು ಅನ್ನುತ್ತಾರೆ, ಆಮೇಲೆ ಹೇಳುವುದು ಇಷ್ಟು: ಟ್ರಾಯ್‌ನಲ್ಲಿ ನೀವೆಲ್ಲ ಪಟ್ಟ ಪಾಡು ನಮಗೆ ಗೊತ್ತು, ಭೂಮಿಯ ಮೇಲೆ ಆಗುವುದೆಲ್ಲ ನಮಗೆ ಗೊತ್ತು. ‘ಗೊತ್ತು’ ಎನ್ನುವ ಜಾಗದಲ್ಲಿ ಎರಡು ಸಲವೂ ‘ಇದ್ಮೆನ್’ ಎಂಬ ಗ್ರೀಕ್ ಪದವಿದೆ. ಸಂಸ್ಕೃತದ ‘ವಿದ್ಮ’ ಇದೆಯಲ್ಲ, ಅದರದೇ ಒಡಹುಟ್ಟು, ವಿದ್ಯೆಯ ಬೇರು. ಹತ್ತು ವರ್ಷ ಯುದ್ಧದಲ್ಲಿ ಬೆಂದು ಬಂದವನಿಗೆ, ನಿನ್ನ ಕಷ್ಟದ ಕತೆ ಪೂರ್ತಿ ನಮಗೆ ಗೊತ್ತು ಬಾ ಅಂದರೆ ಯಾವ ಹಗ್ಗ ತಡೆದೀತು! ಈ ಸಾಲುಗಳನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಹಾಗಾಗಿ ಆರಿಸುವ ಪದ ಹೆಣ್ಣಿನ ಚೆಲುವಿನ ಕಡೆ ವಾಲಬಾರದು.

ಮೂಲದ ಪದವನ್ನೇ ಇಟ್ಟುಕೊಂಡರೆ? ‘ಸೈರನ್’ ಅಂದರೆ ಮಕ್ಕಳಿಗೆ ಕೇಳಿಸುವುದು ಆಂಬ್ಯುಲೆನ್ಸ್. ಆ ಸೈರನ್ನಿಗೆ ಹೆಸರು ಬಂದದ್ದೂ ಇಲ್ಲಿಂದಲೇ: 1819ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬಾತ ತನ್ನ ಯಂತ್ರ ನೀರಿನೊಳಗೂ ದನಿ ಮಾಡುತ್ತದೆಂದು ಈ ಹೆಸರಿಟ್ಟ. ‘ಸೈರೆನ್’ ಎಂದು ಬರೆದರೆ ಬೇರೆಯಾಗಿ ಕಾಣುತ್ತದೆ, ಆದರೆ ಓದಿ ಹೇಳುವಾಗ ಕಿವಿಗೆ ವ್ಯತ್ಯಾಸ ಗೊತ್ತಾಗಬೇಕಲ್ಲ.

ಇನ್ನೊಂದು ತೊಡಕು ವ್ಯಾಕರಣದ್ದು. ಇವರು ‘ಅವರು’ವೋ ‘ಅವು’ವೋ? ಹೋಮರ್ ದ್ವಿವಚನ ಬಳಸಿದ್ದಾನೆ, ಅಂದರೆ ಅವನ ಲೆಕ್ಕಕ್ಕೆ ಇಬ್ಬರು. ಕನ್ನಡದಲ್ಲಿ ಅಷ್ಟು ಹೇಳಿದರೆ ಸಾಲದು, ‘ಇಬ್ಬರು’ ಅನ್ನಬೇಕೋ ‘ಎರಡು’ ಅನ್ನಬೇಕೋ ತೀರ್ಮಾನಿಸಲೇಬೇಕು. ನಾವು ರಾಕ್ಷಸಿಯನ್ನು ಅವಳು ಅನ್ನುತ್ತೇವೆ, ಪೆಡಂಭೂತವನ್ನು ಅದು ಅನ್ನುತ್ತೇವೆ. ಸ್ಕಿಲ್ಲಾಳ ವಿಷಯದಲ್ಲಿ ಗ್ರೀಕ್ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ, ‘ಅವಳು’ ಎನ್ನುವುದು ಸ್ತ್ರೀಲಿಂಗ, ‘ಪೆಲೋರ್’ ಅಂದರೆ ಪೆಡಂಭೂತ, ಅದು ನಪುಂಸಕ. ‘ಅವಳೋ ಕೆಟ್ಟ ಪೆಡಂಭೂತ’ ಎಂದು ಬರೆದುಕೊಂಡಿದ್ದೇನೆ, ಸರಿ ಕೂತಿದೆ. ಸೈರೆನ್‌ಗಳಿಗೆ ಮಾತಿದೆ, ನೆನಪಿದೆ, ಹಾಗಾಗಿ ‘ಇಬ್ಬರು’ ಎನ್ನುವುದೇ ನನ್ನ ಒಲವು.

ಈಗ ನನ್ನ ಪ್ರಶ್ನೆ. ರಾತ್ರಿ ಹೊತ್ತು ಮನೆಯವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಊರುಗಳು ನಮ್ಮಲ್ಲಿವೆ. ಹೀಗೆ ಕಣ್ಣಿಗೆ ಕಾಣದೆ ದನಿಯಿಂದಲೇ ಸೆಳೆಯುವಂಥದ್ದಕ್ಕೆ ನಿಮ್ಮ ಕಡೆ ಪ್ರತ್ಯೇಕ ಹೆಸರು ಇದೆಯಾ? ಅಜ್ಜಿ ಹೇಳುತ್ತಿದ್ದದ್ದು, ಮೀನುಗಾರರ ಮಾತಿನಲ್ಲಿ ಕೇಳಿದ್ದು, ಯಾವುದಾದರೂ ಸರಿ. ಪದದ ಜೊತೆ ಯಾವ ಊರಿನದು, ಅದಕ್ಕೆ ಅವಳು ಅನ್ನುತ್ತಾರೋ ಅದು ಅನ್ನುತ್ತಾರೋ ಅದನ್ನೂ ಬರೆಯಿರಿ.