ಭ್ರೂಣದಲ್ಲೇ ಜೀನ್ ತಿದ್ದಿಬಿಟ್ಟರೆ ತಪ್ಪೇನು?

ಸುಮ್ನೆ_ಕೇಳ್ತಿದೀನಿ:

ನಾನು, ನನ್ನ ಹೆಂಡತಿ ಇಬ್ಬರೂ ಬೀಟಾ ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆಯ ಕ್ಯಾರಿಯರ್, ಅಂದರೆ ಕೆಟ್ಟ ಜೀನ್‌ನ ಒಂದು ಪ್ರತಿ ನಮ್ಮಲ್ಲಿದೆ, ಕಾಯಿಲೆ ಇಲ್ಲ. ನಮಗೇನೂ ತೊಂದರೆ ಇಲ್ಲ, ರಕ್ತಪರೀಕ್ಷೆ ಮಾಡಿಸದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಕಾಯಿಲೆ ಹೇಗಿರುತ್ತದೆ ಅಂತ ಯಾರೂ ನನಗೆ ವಿವರಿಸಬೇಕಿಲ್ಲ, ಅಕ್ಕನ ಮಗನಿಗೆ ಇದೆ. ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಗೆ ಹಾಕಿಸಿದ ರಕ್ತದಿಂದ ಮೈಯಲ್ಲಿ ಕಬ್ಬಿಣದ ಅಂಶ ಸೇರಿಕೊಳ್ಳುತ್ತದೆ, ಅದನ್ನು ಹೊರಹಾಕೋಕೆ ರಾತ್ರಿ ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಚುಚ್ಚಿ, ಒಂದು ಸಣ್ಣ ಪಂಪ್ ಸಿಕ್ಕಿಸಿಕೊಂಡು ಮಲಗುತ್ತಾನೆ. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ ಒಂದು ಕೈ ಪಂಪಿನ ಮೇಲೇ ಇರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಕ್ರಿಸ್ಪರ್ ಅನ್ನೋ ತಂತ್ರ ಇದೆ, ಅದರಿಂದ ಜೀನ್ ಕತ್ತರಿಸಿ ಸರಿ ಮಾಡಬಹುದು ಅಂತಾರೆ. ಹಾಗಿದ್ದರೆ ಭ್ರೂಣದಲ್ಲೇ ತಿದ್ದಿ, ನಮ್ಮ ಮನೆತನದಿಂದಲೇ ಇದನ್ನು ಓಡಿಸಬಾರದು ಯಾಕೆ? ‘ಪ್ರಕೃತಿ ವಿರುದ್ಧ’ ಅನ್ನೋ ಉತ್ತರ ದಯವಿಟ್ಟು ಬೇಡ. ರಕ್ತ ಹಾಕಿಸೋದೂ ಪ್ರಕೃತಿ ವಿರುದ್ಧವೇ ಅಲ್ವಾ?

ಮೈಕ್ರೋಸ್ಕೋಪು:

ಮೊದಲು ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಚರ್ಚೆ ಎಲ್ಲೆಲ್ಲೋ ಹೋಗುತ್ತದೆ. ಹುಟ್ಟಿದ ಮನುಷ್ಯನ ಮೈಯಲ್ಲಿ ಜೀನ್ ತಿದ್ದೋದು ಒಂದು. ಭ್ರೂಣದಲ್ಲಿ ತಿದ್ದೋದು ಇನ್ನೊಂದು.

ಮೊದಲನೆಯದು ಈಗಾಗಲೇ ಔಷಧವಾಗಿ ಬಂದಿದೆ. ಕ್ಯಾಸ್‌ಜೆವಿ ಅಂತ ಹೆಸರು. 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು, ಸಿಕಲ್ ಸೆಲ್ ಅನ್ನೋ ಇನ್ನೊಂದು ರಕ್ತದ ಕಾಯಿಲೆಗೂ ನಿಮ್ಮ ಥಲಸ್ಸೇಮಿಯಾಗೂ. ರೋಗಿಯ ರಕ್ತದ ಕಾಂಡಕೋಶಗಳನ್ನು (ರಕ್ತ ತಯಾರಿಸುವ ಮೂಲ ಕೋಶಗಳು) ಹೊರತೆಗೆದು, ಭ್ರೂಣಕಾಲದ ಹಿಮೋಗ್ಲೋಬಿನ್ ತಯಾರಾಗದ ಹಾಗೆ ತಡೆಯುವ ಬಿಸಿಎಲ್11ಎ ಅನ್ನೋ ಜೀನ್‌ನ ಸ್ವಿಚ್ ಇರುವ ಜಾಗವನ್ನು ಕತ್ತರಿಸುತ್ತಾರೆ. ಆಗ ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾಗುತ್ತಿದ್ದ ಹಿಮೋಗ್ಲೋಬಿನ್ ಮತ್ತೆ ಶುರುವಾಗುತ್ತದೆ. ಕೆಟ್ಟ ಜೀನ್ ಅಲ್ಲೇ ಇರುತ್ತದೆ, ಅದರ ಕೆಲಸವನ್ನು ಹಳೆಯ ಜೀನ್ ವಹಿಸಿಕೊಳ್ಳುತ್ತದೆ. ಆದರೆ ಕೋಶಗಳನ್ನು ವಾಪಸ್ ಹಾಕುವ ಮೊದಲು ಕೀಮೋ ಕೊಟ್ಟು ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕು, ಅದರಿಂದ ಮಕ್ಕಳಾಗುವ ಶಕ್ತಿ ಹೋಗಬಹುದು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್ ಇಟ್ಟರು. ಇಲ್ಲಿ ನೀತಿಯ ಪ್ರಶ್ನೆ ಅಂದರೆ ಬಹುಪಾಲು ದುಡ್ಡಿನ ಪ್ರಶ್ನೆ, ಯಾರಿಗೆ ಸಿಗುತ್ತದೆ, ಯಾರಿಗೆ ಸಿಗಲ್ಲ ಅನ್ನೋದು. ಏನೇ ಎಡವಟ್ಟಾದರೂ ಅದು ಆ ಒಬ್ಬ ಮನುಷ್ಯನಲ್ಲೇ ನಿಲ್ಲುತ್ತದೆ.

ಭ್ರೂಣದ ಕಥೆ ಬೇರೆ. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೇ ಜಿಯಾನ್‌ಕುಯಿ, ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಅಂತ ಹೇಳಿದ. ತಂದೆಗೆ ಎಚ್‌ಐವಿ ಇತ್ತು, ಮಕ್ಕಳಿಗೆ ಅದು ಅಂಟಬಾರದು ಅಂತ, ವೈರಸ್ ಕೋಶದೊಳಗೆ ನುಗ್ಗಲು ನೆರವಾಗುವ ಸಿಸಿಆರ್5 ಜೀನ್ ಕೆಡಿಸಿದೆ ಅಂದ. ಆದರೆ ವೀರ್ಯವನ್ನು ತೊಳೆದು ಬಳಸಿದರೆ ತಂದೆಯಿಂದ ಸೋಂಕು ಬರದ ಹಾಗೆ ನೋಡಿಕೊಳ್ಳಬಹುದು, ಅದು ಮೊದಲಿಂದಲೂ ಇರುವ ದಾರಿ. ಆ ಮಕ್ಕಳಲ್ಲಿ ಆದ ಬದಲಾವಣೆ ಕೆಲವು ಜನರಲ್ಲಿ ಹುಟ್ಟಿನಿಂದಲೇ ಇದ್ದು ಎಚ್‌ಐವಿ ತಡೆಯುವ ಬದಲಾವಣೆಯಂತೆಯೂ ಇರಲಿಲ್ಲ, ಹೊಸದೇ ಏನೋ ಆಗಿತ್ತು. ಒಬ್ಬಳಲ್ಲಿ ಜೀನ್‌ನ ಒಂದು ಪ್ರತಿ ಹಾಗೇ ಉಳಿದಿತ್ತು. ಅಂದರೆ ಇಲ್ಲದ ಕಾಯಿಲೆಗೆ, ಬೇಡದ ಚಿಕಿತ್ಸೆ, ಅದೂ ಅರ್ಧಂಬರ್ಧ. 2019ರ ಕೊನೆಯಲ್ಲಿ ಕೋರ್ಟು ಮೂರು ವರ್ಷ ಜೈಲು, 30 ಲಕ್ಷ ಯುವಾನ್ ದಂಡ ಹಾಕಿತು.

ಈಗ ನಿಮ್ಮ ವಿಷಯ. ನಿಮ್ಮಂಥವರಿಗೆ ತಿದ್ದೋ ಅಗತ್ಯವೇ ಇಲ್ಲ. ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡೋದು) ಮಾಡಿ ಭ್ರೂಣಗಳನ್ನು ಪರೀಕ್ಷಿಸಿದರೆ ಸರಾಸರಿ ನಾಲ್ಕರಲ್ಲಿ ಮೂರಕ್ಕೆ ಕಾಯಿಲೆ ಇರಲ್ಲ. ಅದನ್ನು ಆರಿಸಿಕೊಳ್ಳಬಹುದು. ತಂದೆತಾಯಿ ಇಬ್ಬರಿಗೂ ಕಾಯಿಲೆಯೇ ಇದ್ದು, ಎಲ್ಲ ಭ್ರೂಣಕ್ಕೂ ಬಂದೇ ಬರುತ್ತದೆ ಅನ್ನುವಂಥ ಜೋಡಿಗಳು ಬಹಳ ಕಡಿಮೆ. ಹಾಗಾದರೆ ಭ್ರೂಣ ತಿದ್ದುವ ತಂತ್ರಕ್ಕೆ ಇಷ್ಟೊಂದು ಆತುರ ಯಾರಿಗೆ? ನನಗೆ ಅನುಮಾನ ಬರೋದು ಇಲ್ಲೇ.

ತರಲೆ_ಮಾತು:

ಮೇಲಿನವರು ಹೇಳಿದ್ದು ಸರಿ, ಆದರೆ ‘ಹುಟ್ಟದ ಮಗುವಿನ ಒಪ್ಪಿಗೆ ಇಲ್ಲ’ ಅಂತ ಯಾರಾದರೂ ಈಗ ಶುರು ಮಾಡೋ ಮೊದಲೇ ಹೇಳಿಬಿಡ್ತೀನಿ. ಯಾವ ಮಗುವನ್ನು ಕೇಳಿ ಹುಟ್ಟಿಸಿದ್ದೇವೆ? ಲಸಿಕೆ ಹಾಕಿಸುವಾಗ ಕೇಳ್ತೀವಾ? ಕಾಯಿಲೆ ಇರುವ ಜೀನ್ ದಾಟಿಸುವಾಗಲೂ ಒಪ್ಪಿಗೆ ಇರಲ್ಲ. ಸುಮ್ಮನಿರೋದೂ ಒಂದು ನಿರ್ಧಾರವೇ.

ಮೈಕ್ರೋಸ್ಕೋಪು:

ಒಪ್ಪಿಗೆಯ ವಾದ ಒಂದೇ ಆದರೆ ನಿಲ್ಲಲ್ಲ, ನಿಜ. ಆದರೆ ಲಸಿಕೆ ಮೊಮ್ಮಗನಿಗೆ ದಾಟಲ್ಲ, ಭ್ರೂಣದಲ್ಲಿ ತಿದ್ದಿದ್ದು ದಾಟಬಹುದು. ಭ್ರೂಣದಲ್ಲಿ ಕ್ರಿಸ್ಪರ್ ಕತ್ತರಿಸಿದಾಗ ಒಮ್ಮೊಮ್ಮೆ ಕ್ರೋಮೋಸೋಮಿನ ದೊಡ್ಡ ತುಂಡೇ ಕಳೆದುಹೋಗುತ್ತದೆ, ಲ್ಯಾಬಿನಲ್ಲಿ ನೋಡಿದ್ದಾರೆ. ಕೆಲವು ಕೋಶಗಳಲ್ಲಿ ತಿದ್ದುಪಡಿ ಆಗಿ ಕೆಲವದರಲ್ಲಿ ಆಗದೆ ಇರೋದೂ ಉಂಟು. ಪರೀಕ್ಷೆಗೆ ತೆಗೆದ ನಾಲ್ಕಾರು ಕೋಶ ಚೆನ್ನಾಗಿದ್ದ ಮಾತ್ರಕ್ಕೆ ಉಳಿದವು ಚೆನ್ನಾಗಿವೆ ಅನ್ನೋ ಹಾಗಿಲ್ಲ. ಸರಿ ಹೋಯಿತಾ ಅಂತ ತಿಳಿಯೋಕೆ ಮಗು ಬೆಳೆದು, ಅದಕ್ಕೆ ಮಕ್ಕಳಾಗಿ, ಅಷ್ಟು ದಿನ ಕಾಯಬೇಕು. ಆ ಮಕ್ಕಳನ್ನು ಜೀವನವಿಡೀ ಆಸ್ಪತ್ರೆಗೆ ಕರೆಸಿ ನೋಡ್ತಾ ಇರೋ ಹಕ್ಕು ನಮಗಿದೆಯಾ? ಬರಲ್ಲ ಅಂದರೆ ಏನು ಮಾಡ್ತೀರಿ?

ಕೈಮಾತು:

ನಾನು ಹುಟ್ಟು ಕಿವುಡ. ಸನ್ನೆ ಭಾಷೆಯಲ್ಲಿ ಜಗಳ ಆಡ್ತೀನಿ, ಜೋಕ್ ಮಾಡ್ತೀನಿ, ಸಂಸಾರ ಮಾಡ್ತೀನಿ. ಇಂಥ ಚರ್ಚೆಗಳಲ್ಲಿ ‘ದೋಷ ತೆಗೆಯೋದು’ ಅಂತ ಎಲ್ಲರೂ ಸಲೀಸಾಗಿ ಬರೆಯುತ್ತಾರಲ್ಲ, ಆ ಪಟ್ಟಿಯಲ್ಲಿ ನಾನೂ ಇರ್ತೀನಿ ಅಂತ ನೆನಪಿರಲಿ.

ಇದು ಸುಮ್ನೆ ಭಾವುಕತೆ ಅಲ್ಲ. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ‘ಯೋಗ್ಯರಲ್ಲದವರಿಗೆ’ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನು ತಂದಿತು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ವರ್ಜೀನಿಯಾ ರಾಜ್ಯದ ಅಂಥದೇ ಕಾನೂನನ್ನು ಎತ್ತಿಹಿಡಿಯಿತು. 1933ರ ಜರ್ಮನಿಯ ಕಾನೂನಿನಲ್ಲಂತೂ ವಂಶಪಾರಂಪರ್ಯ ಕಿವುಡುತನ ಅಂತ ನೇರವಾಗಿಯೇ ಬರೆದಿತ್ತು. ಡಾಕ್ಟರುಗಳೇ ಸಹಿ ಹಾಕಿದ್ದು, ಗೂಂಡಾಗಳಲ್ಲ. ಎಲ್ಲರೂ ಸಮಾಜಕ್ಕೆ ಒಳ್ಳೇದು ಅಂತಲೇ ಮಾಡಿದರು.

ಈ ಸಲ ಸರ್ಕಾರ ಬಲವಂತ ಮಾಡಲ್ಲ, ತಂದೆತಾಯಿಯೇ ಆರಿಸಿಕೊಳ್ಳುತ್ತಾರೆ ಅಂತೀರಿ. ಇರಬಹುದು. ಆದರೆ ಪಕ್ಕದ ಮನೆಯವರೆಲ್ಲ ಮಾಡಿಸಿಕೊಂಡ ಮೇಲೆ ಮಾಡಿಸಿಕೊಳ್ಳದವರನ್ನು ಜನ ಹೇಗೆ ನೋಡ್ತಾರೆ? ‘ಮೊದಲೇ ಗೊತ್ತಿದ್ದೂ ಹುಟ್ಟಿಸಿದಿರಾ’ ಅಂತಾರೆ. ಇನ್ಶೂರೆನ್ಸಿನವರೂ ಅದನ್ನೇ ಕೇಳ್ತಾರೆ.

ಪ್ರಶ್ನೆ ಕೇಳಿದವರಿಗೆ: ನಿಮ್ಮ ಅಕ್ಕನ ಮಗನ ನೋವು ಅವನ ಮೈಯೊಳಗಿನದು. ಅದನ್ನು ತಡೆಯೋದಕ್ಕೆ ನನ್ನ ವಿರೋಧ ಇಲ್ಲ. ನನ್ನ ಕಷ್ಟದಲ್ಲಿ ಹೆಚ್ಚಿನದು ನನ್ನ ಕಿವಿಯಿಂದ ಬಂದಿದ್ದಲ್ಲ, ಸನ್ನೆ ಬಾರದ ಮೇಷ್ಟರುಗಳಿಂದ ಬಂದಿದ್ದು. ಅದಕ್ಕೆ ಜೀನ್ ತಿದ್ದಿ ಏನು ಪ್ರಯೋಜನ?

ತರಲೆ_ಮಾತು:

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಕಾಯಿಲೆಗೆ ಮಾತ್ರ ಸರಿ, ಎತ್ತರ, ಬುದ್ಧಿ ಹೆಚ್ಚಿಸೋಕೆ ಬೇಡ ಅಂತ ಗೆರೆ ಎಳೆದರೆ ಮುಗೀತಲ್ವಾ?

ಮೈಕ್ರೋಸ್ಕೋಪು:

ಗೆರೆ ಎಳೆಯಬಹುದು, ಅದು ನಿಂತ ಕಡೆ ನಿಲ್ಲಲ್ಲ. ಬೆಳವಣಿಗೆಯ ಹಾರ್ಮೋನ್ ನೋಡಿ. ಮೊದಲು ಅದನ್ನು ಸತ್ತವರ ಮೆದುಳಿನ ಗ್ರಂಥಿಯಿಂದ ತೆಗೆಯುತ್ತಿದ್ದರು, ಸಿಗೋದೇ ಕಷ್ಟ, ಹಾಗಾಗಿ ನಿಜವಾಗಿ ಕೊರತೆ ಇದ್ದ ಮಕ್ಕಳಿಗೆ ಮಾತ್ರ. 1985ರಲ್ಲಿ ಲ್ಯಾಬಿನಲ್ಲಿ ತಯಾರಿಸಿದ್ದು ಬಂತು. 2003ರ ಹೊತ್ತಿಗೆ ಅಮೆರಿಕದಲ್ಲಿ ಹಾರ್ಮೋನ್ ಕೊರತೆಯೇ ಇಲ್ಲದ, ಬರೀ ಕುಳ್ಳಗಿರುವ ಮಕ್ಕಳಿಗೂ ಒಪ್ಪಿಗೆ ಸಿಕ್ಕಿತು. ಗೆರೆಯನ್ನು ಯಾರೂ ಅಳಿಸಲಿಲ್ಲ, ‘ಕಾಯಿಲೆ’ ಅನ್ನೋದೇ ಅಗಲವಾಯಿತು.

ಜೀನ್ ತಿದ್ದಿ ಎತ್ತರ ಮಾಡೋದು ಸದ್ಯಕ್ಕೆ ಕನಸು, ಅದು ಬೇರೆ ಮಾತು. 2022ರಲ್ಲಿ 54 ಲಕ್ಷ ಜನರ ಮಾಹಿತಿ ನೋಡಿ ಎತ್ತರಕ್ಕೆ ಸಂಬಂಧಪಟ್ಟ ಸುಮಾರು 12,000 ಡಿಎನ್‌ಎ ವ್ಯತ್ಯಾಸಗಳನ್ನು ಗುರುತಿಸಿದರು. ಅಷ್ಟನ್ನು ಯಾರು ತಿದ್ದುತ್ತಾರೆ? ಬುದ್ಧಿಯ ವಿಷಯವಂತೂ ಬಿಡಿ.

ಸುಮ್ನೆ_ಕೇಳ್ತಿದೀನಿ:

ಎಲ್ಲರಿಗೂ ಥ್ಯಾಂಕ್ಸ್. ಐವಿಎಫ್ ದಾರಿಯೇ ಅಂತ ಮನೆಯಲ್ಲಿ ಮಾತಾಡಿಕೊಂಡೆವು. ಆದರೆ ಹೆಂಡತಿ ಒಂದು ಪ್ರಶ್ನೆ ಎತ್ತಿದ್ದಾಳೆ. ಕಾಯಿಲೆ ಇಲ್ಲದ ಭ್ರೂಣಗಳಲ್ಲೂ ಹೆಚ್ಚಿನವು ನಮ್ಮ ಥರ ಕ್ಯಾರಿಯರ್ ಆಗಿರುತ್ತವಲ್ಲ, ಅವನ್ನೂ ಬಿಟ್ಟು ಪೂರ್ತಿ ಸ್ವಚ್ಛ ಇರೋದನ್ನೇ ಆರಿಸಬೇಕಾ? ‘ಹಾಗೆ ನೋಡಿದರೆ ನಾವಿಬ್ಬರೂ ಆಯ್ಕೆ ಆಗುತ್ತಿರಲಿಲ್ಲ’ ಅಂದಳು. ಮನೆತನದಿಂದಲೇ ಓಡಿಸಬೇಕು ಅಂತ ಬರೆದವನು ನಾನೇ, ಈಗ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಕೈಮಾತು:

ನಿಮ್ಮ ಹೆಂಡತಿಯನ್ನೇ ಈ ಚರ್ಚೆಗೆ ಕಳಿಸಿ, ನೀವು ವಿಶ್ರಾಂತಿ ತಗೊಳ್ಳಿ :)

ಮೈಕ್ರೋಸ್ಕೋಪು:

ಕ್ಯಾರಿಯರ್ ಭ್ರೂಣ ಬಿಡೋಕೆ ವೈದ್ಯಕೀಯ ಕಾರಣ ಇಲ್ಲ. ಆ ಮಗು ನಿಮ್ಮಷ್ಟೇ ಆರೋಗ್ಯವಾಗಿರುತ್ತದೆ. ಒಂದು ಸುತ್ತಿನಲ್ಲಿ ಸಿಗೋ ಭ್ರೂಣಗಳೇ ಕೆಲವು, ಅದರಲ್ಲಿ ಅರ್ಧದಷ್ಟನ್ನು ಸುಮ್ನೆ ಕೈಬಿಟ್ಟರೆ ಮತ್ತೆ ಇಂಜೆಕ್ಷನ್ನು, ಮತ್ತೆ ಅರಿವಳಿಕೆ, ಅದನ್ನೆಲ್ಲ ಅನುಭವಿಸಬೇಕಾದವರು ನಿಮ್ಮ ಹೆಂಡತಿಯೇ. ಹಾಗಾಗಿ ಕ್ಲಿನಿಕ್ಕಿನಲ್ಲಿ ‘ಕಾಯಿಲೆ ಇಲ್ಲದ್ದು ಸಾಕು, ಕ್ಯಾರಿಯರ್ ಆದರೂ ಪರವಾಗಿಲ್ಲ’ ಅಂತ ಮೊದಲೇ ಹೇಳಿ, ಫಾರಂನಲ್ಲೂ ಹಾಗೇ ಬರೆಸಿ. ಮಗು ದೊಡ್ಡದಾದ ಮೇಲೆ ಅದಕ್ಕೂ ವಿಷಯ ತಿಳಿಸಿ, ಮದುವೆಗೆ ಮೊದಲು ಸಂಗಾತಿಯ ರಕ್ತಪರೀಕ್ಷೆ ಮಾಡಿಸಿಕೊಂಡರೆ ಆಯಿತು.