ಆಫೀಸಿನ ಶೇರ್‌ಪಾಯಿಂಟ್ ಫೋಲ್ಡರ್‌ಗಳು: ಎಲ್ಲಿಂದ ಕೈ ಹಾಕೋದು?

ಕೇಳಿದವರು, ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶ

ನಮ್ಮದು ಬಿಡಿಭಾಗ ತಯಾರಿಸುವ ಸಣ್ಣ ಕಂಪನಿ. ಎಲ್ಲರ ಫೈಲೂ ಶೇರ್‌ಪಾಯಿಂಟ್‌ನ (ಆಫೀಸಿನವರೆಲ್ಲ ಫೈಲ್ ಹಂಚಿಕೊಳ್ಳೋ ಮೈಕ್ರೋಸಾಫ್ಟ್‌ನ ಆನ್‌ಲೈನ್ ಜಾಗ) ಒಂದೇ ಲೈಬ್ರರಿಯಲ್ಲಿವೆ. ‘ಹೊಸ ಫೋಲ್ಡರ್ 2’, ‘ಫೈನಲ್’, ‘ಫೈನಲ್ ಇದೇ’, ‘ಮೇಡಂ ನೋಡಿದ್ದು’... ಹಳೇ ಕೊಟೇಶನ್ ಬೇಕಂದರೆ ಹುಡುಕೋದಕ್ಕಿಂತ ಹೊಸದಾಗಿ ಟೈಪ್ ಮಾಡೋದೇ ಬೇಗ ಆಗುತ್ತೆ. ಜೋಡಿಸುವ ಕೆಲಸ ಈಗ ನನ್ನ ತಲೆಗೆ ಬಿದ್ದಿದೆ. ಮಾಡಿದವರು ದಯವಿಟ್ಟು ಹೇಳಿ.

ಮಂಡ್ಯ, ಕಬ್ಬು ವಿಭಾಗದ ಕೆಲಸ

ಮೊದಲು ಯಾವ ಫೋಲ್ಡರನ್ನೂ ಮುಟ್ಟಬೇಡಿ ಸರ್. ಯಾರು ಏನನ್ನು ಯಾವ ಹೆಸರಲ್ಲಿ ಹುಡುಕುತ್ತಾರೆ ಅಂತ ಪಕ್ಕದ ಟೇಬಲ್‌ನವರನ್ನು ಕೇಳಿ.

ನಮ್ಮಲ್ಲಿ ಗಲಾಟೆ ಆಗಿದ್ದೇ ಅಲ್ಲಿ. ವರ್ಷದ ಪ್ರಕಾರ ಇಡೋಣ ಅಂದರು, ಎಲ್ಲರೂ ತಲೆ ಆಡಿಸಿದರು. ‘2023-24’, ‘2024-25’ ಅಂತ ಫೋಲ್ಡರ್ ಆಯ್ತು. ಆದರೆ ಅಕೌಂಟ್ಸ್‌ನವರ ವರ್ಷ ಏಪ್ರಿಲ್‌ನಿಂದ ಮಾರ್ಚ್, ಸಕ್ಕರೆ ಹಂಗಾಮಿನ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕ್ವಿಂಟಾಲ್‌ಗೆ 340 ರೂಪಾಯಿ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ) ಒಪ್ಪಿದ್ದು 2024ರ ಫೆಬ್ರವರಿಯಲ್ಲಿ. ಆ ಕಾಗದ ಯಾವ ಫೋಲ್ಡರಿಗೆ ಹೋಗಬೇಕು ಹೇಳಿ? ಅಕೌಂಟ್ಸ್‌ನವರು 2023-24ಕ್ಕೆ ಹಾಕಿದರು. ಫೀಲ್ಡ್‌ನವರು 2024-25ರಲ್ಲಿ ಹುಡುಕಿ, ಇಲ್ಲವೇ ಇಲ್ಲ ಅಂತ ಕೂಗಾಡಿದರು. ಇಬ್ಬರದ್ದೂ ಸರಿಯೇ! ‘ಹಂಗಾಮು 2024-25’, ‘ಲೆಕ್ಕ 2024-25’ ಅಂತ ಮುಂದೊಂದು ಪದ ಸೇರಿಸಿದ ಮೇಲೆ ಜಗಳ ನಿಂತಿತು. ನಿಮ್ಮಲ್ಲಿ ಕಬ್ಬಿಲ್ಲ. ಆದರೆ ಗಿರಾಕಿ ಹೆಸರೋ, ಡ್ರಾಯಿಂಗ್ ನಂಬರೋ, ಪಿಓ (ಖರೀದಿ ಆದೇಶ) ನಂಬರೋ ಅನ್ನೋ ತಕರಾರು ಇದ್ದೇ ಇರುತ್ತೆ.

ತಿಂಗಳ ಫೋಲ್ಡರಿಗೆ ಬರೀ ತಿಂಗಳ ಹೆಸರು ಬೇಡ. ಇಂಗ್ಲಿಷಿನಲ್ಲಿ ಬರೆದರೆ ಏಪ್ರಿಲ್ ಪಕ್ಕ ಆಗಸ್ಟ್ ಬಂದು ಕೂರುತ್ತೆ, ಅದರ ಪಕ್ಕ ಡಿಸೆಂಬರ್. 2024-04, 2024-05 ಅಂತ ಹಾಕಿ. 2025-03 ತಾನಾಗೇ ಕೊನೆಗೆ ಹೋಗುತ್ತೆ.

ಮೈಸೂರು, ಐಟಿ ಸಪೋರ್ಟ್

‘ಕಾಪಿ ಟು’ ಬೇಡ, ‘ಮೂವ್ ಟು’ ಒತ್ತಿ. ಮೂವ್ ಮಾಡಿದರೆ ಫೈಲಿನ ಹಳೇ ವರ್ಷನ್‌ಗಳೂ ಜೊತೆಗೆ ಹೋಗುತ್ತವೆ, ಕಾಪಿಯಲ್ಲಿ ಕೊನೆಯದು ಮಾತ್ರ. ಜೊತೆಗೆ ಒಂದೇ ಫೈಲ್ ಎರಡು ಕಡೆ ಉಳಿಯುತ್ತೆ. ಒಬ್ಬರು ಇಲ್ಲಿ ತಿದ್ದುತ್ತಾರೆ, ಇನ್ನೊಬ್ಬರು ಅಲ್ಲಿ. ‘ಫೈನಲ್ ಇದೇ’ ಹುಟ್ಟೋದೇ ಹೀಗೆ. ವರ್ಷನ್ ಹಿಸ್ಟರಿ ಇರುವಾಗ ಹೆಸರಲ್ಲಿ ಫೈನಲ್ ಬರೆಯೋ ಅಗತ್ಯವೇ ಇಲ್ಲ. ಇದನ್ನ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ, ಅವರ ಫೈಲನ್ನೇ ತೆಗೆದು ಹಳೇ ವರ್ಷನ್ ತೋರಿಸಿ.

ಲ್ಯಾಪ್‌ಟಾಪಿಗೆ ಸಿಂಕ್ ಮಾಡಿಕೊಂಡವರಿಗೆ ಮುಂಚೆಯೇ ತಿಳಿಸಿ. ‘ನನ್ನ ಲ್ಯಾಪ್‌ಟಾಪಿಂದ ತಾನೇ’ ಅಂತ ಡಿಲೀಟ್ ಮಾಡ್ತಾರೆ, ಎಲ್ಲರಿಗೂ ಹೋಗಿಬಿಡುತ್ತೆ. ಯಾರೂ ಖಾಲಿ ಮಾಡದಿದ್ದರೆ ಶೇರ್‌ಪಾಯಿಂಟ್‌ನ ರೀಸೈಕಲ್ ಬಿನ್‌ನಲ್ಲಿ 93 ದಿನ ಸಿಗುತ್ತೆ. ಒಂದು ಎಕ್ಸೆಲ್‌ನಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟಿದ್ದರೆ ಸರಿಸುವ ಮೊದಲು ಪಟ್ಟಿ ಮಾಡಿಕೊಳ್ಳಿ, ಜಾಗ ಬದಲಾದರೆ ಅವು ಕೈಕೊಡುತ್ತವೆ. ಫೋಲ್ಡರೊಳಗೆ ಫೋಲ್ಡರ್ ಮೂರು ಹಂತಕ್ಕೆ ಸಾಕು. ಫೋಲ್ಡರ್‌ಗಳ ಹೆಸರು, ಫೈಲ್ ಹೆಸರು ಎಲ್ಲ ಸೇರಿ ಪೂರ್ತಿ ಪಾತ್ 400 ಅಕ್ಷರ ದಾಟುವಂತಿಲ್ಲ.

ಶ್ರೀರಂಗಪಟ್ಟಣ

ಕನ್ನಡ ಪತ್ರಗಳೂ ಇವೆಯಾ? ‘ನುಡಿ’ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಸರ್ಚ್‌ನಲ್ಲಿ ಕನ್ನಡ ಪದ ಹಾಕಿದರೆ ಸಿಗಲ್ಲ. ಕಣ್ಣಿಗೆ ಕನ್ನಡ ಕಂಡರೂ ಒಳಗಿರೋದು ಬೇರೆಯೇ ಚಿಹ್ನೆಗಳು. ಯೂನಿಕೋಡಿಗೆ (ಕನ್ನಡ ಅಕ್ಷರವನ್ನು ಕನ್ನಡವಾಗೇ ಗುರುತಿಸೋ ಈಗಿನ ಪದ್ಧತಿ) ಬದಲಾಯಿಸಿ. ಅಷ್ಟು ಪುರುಸೊತ್ತಿಲ್ಲ ಅಂದರೆ ಫೈಲ್ ಹೆಸರನ್ನಾದರೂ ಯೂನಿಕೋಡಿನಲ್ಲಿ ಬಿಡಿಸಿ ಬರೆಯಿರಿ: ‘2019-08 ಪಂಚಾಯ್ತಿಗೆ ನೀರಿನ ಸಂಪರ್ಕದ ಅರ್ಜಿ’.

ಹೂಟಗಳ್ಳಿ

ಫೋಲ್ಡರೇ ಬೇಡ, ಕಾಲಂ ಮಾಡಿ ಅಂತ ಕೆಲವರು ಹೇಳ್ತಾರೆ. ಗಿರಾಕಿ, ವರ್ಷ, ಬಗೆ ಅಂತ ಕಾಲಂ ಇಟ್ಟರೆ ಬೇಕಾದ ಹಾಗೆ ಗುಂಪು ಮಾಡಿ ನೋಡಬಹುದು, ನಿಜ. ಆದರೆ ಅದನ್ನ ತುಂಬೋರು ಯಾರು ಸ್ವಾಮಿ? ನಮ್ಮಲ್ಲಿ ಮೊದಮೊದಲು ಹುಮ್ಮಸ್ಸು, ಆಮೇಲೆ ಎಲ್ಲಾ ಖಾಲಿ. ಕೊನೆಗೆ ಫೋಲ್ಡರ್ ಉಳಿಸಿಕೊಂಡು ‘ಗಿರಾಕಿ’ ಒಂದೇ ಕಾಲಂ ಇಟ್ಟೆವು. ಲೈಬ್ರರಿ ಸೆಟ್ಟಿಂಗ್‌ನಲ್ಲಿ ಪ್ರತಿ ಫೋಲ್ಡರಿಗೂ ಡೀಫಾಲ್ಟ್ ಕೊಡಬಹುದು. ಆಗ ಅದರೊಳಗೆ ಹೊಸದಾಗಿ ಹಾಕಿದ ಫೈಲಿಗೆ ಗಿರಾಕಿ ಹೆಸರು ತಾನೇ ತುಂಬಿಕೊಳ್ಳುತ್ತೆ. ಆ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕೋಕೆ ಸೂಚಿ) ಈಗಲೇ ಹಾಕಿಡಿ, 5,000 ಫೈಲ್ ದಾಟಿದ ಮೇಲೆ ಫಿಲ್ಟರ್ ಮಾಡೋಕೆ ಹೋದರೆ ತಕರಾರು ಬರುತ್ತೆ.

ಒಟ್ಟಿಗೆ ಸರಿಸೋದಾದರೆ ದಸರಾ ರಜೆ ಒಳ್ಳೇ ಸಮಯ. ಆಯುಧಪೂಜೆಗೆ ಹೇಗೂ ಆಫೀಸ್ ಕ್ಲೀನ್ ಮಾಡ್ತೀವಿ, ಫೈಲ್ ತೆರೆದುಕೊಂಡು ಕೂತವರೂ ಕಮ್ಮಿ. ಯಾರದ್ದು ಅಂತ ಗೊತ್ತಾಗದ್ದನ್ನೆಲ್ಲ ‘ಹಳೇದು’ ಫೋಲ್ಡರಿಗೆ ಹಾಕಿ, ಓದೋಕೆ ಮಾತ್ರ ಬಿಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಕೊಟೇಶನ್ ಫೋಲ್ಡರಿಂದ ಶುರು ಮಾಡ್ತೀನಿ. ಮಂಡ್ಯದವರು ಹೇಳಿದ ಹಾಗೆ ಕೇಳಿ ನೋಡಿದೆ. ಸೇಲ್ಸ್‌ನವರು ಗಿರಾಕಿ ಹೆಸರನ್ನೇ ಹಾಕಲ್ಲವಂತೆ, ‘ಹೊಸೂರು ಪಾರ್ಟಿ’, ‘ನಂಜನಗೂಡು ಪಾರ್ಟಿ’ ಅಂತ ಊರು ಹಾಕಿ ಹುಡುಕುತ್ತಾರಂತೆ. ನಂಜನಗೂಡಿನಲ್ಲೇ ನಮಗೆ ನಾಲ್ಕು ಪಾರ್ಟಿ ಇದ್ದಾರೆ. ಇದಕ್ಕೇನಾದರೂ ಉಪಾಯ ಇದ್ದರೆ ಹೇಳಿ.