ಸಾಲಿ ರೊಕ್ಕದ ಮಾತಿಗೆ

ತಮ್ಮಾ, ಕಾಕಾರ, ಎಲ್ಲಾರೂ ಕೇಳ್ರಿ. ಬರಿಯಾಕ ಕೂತ್ರ ಮುಗಿಯೂದಿಲ್ಲ ಅಂತ ಮಾತಾಡೇ ಕಳಸಾಕತ್ತೇನಿ. ಹಿಂದ ಟ್ರ್ಯಾಕ್ಟರ್ ಸಪ್ಪಳ ಐತಿ, ಹೊಲದಾಗ ಅದೇನಿ.

ತಮ್ಮಾ, ನಿನ್ನೆ ರಾತ್ರಿ ನೀ ಗ್ರೂಪಿನ್ಯಾಗ ಹಾಕಿದ್ದ ಓದಿದೆ. "ಟ್ಯಾಕ್ಸ್ ಕಟ್ಟೋರು ನಾವು, ನಮ್ಮ ಹುಡುಗರು ಪ್ರೈವೇಟ್ ಸಾಲಿಗೆ ಹೋಗತಾವ, ಮತ್ತ ಸರ್ಕಾರಿ ಸಾಲಿಗೆ ಇಷ್ಟ ಸಾವಿರ ಕೋಟಿ ಯಾಕ ಸುರೀಬೇಕು" ಅಂದಿ. ಕಾಕಾರೂ ಹೌದಂದ್ರು. ನನಗ ಭಾಳ ಕೆಟ್ಟ ಅನಿಸ್ತು, ಖರೇನ ನಿದ್ದಿ ಹತ್ತಲಿಲ್ಲ.

ಟ್ಯಾಕ್ಸ್ ಕಟ್ಟೋರು ಹುಬ್ಬಳ್ಳ್ಯಾಗ ಪಗಾರ ತಗೊಳ್ಳೋರಷ್ಟ ಅಲ್ಲಪಾ. 2025ರ ಏಪ್ರಿಲ್ 1ಕ್ಕ ಡೀಸೆಲ್ ಮ್ಯಾಲಿನ ರಾಜ್ಯದ ತೆರಿಗಿ ಶೇ 18.44 ಇದ್ದದ್ದು 21.17 ಆತು. ರಂಟಿ ಹೊಡಸಾಕ ಬಾಡಗಿ ಟ್ರ್ಯಾಕ್ಟರ್ ಕರಸೋ ಒಬ್ಬೊಬ್ಬ ರೈತನೂ ಅದನ್ನ ಕೊಡತಾನ. ಬಿಸಿಯೂಟ ಮಾಡೋ ಅಕ್ಕ ಅಂಗಡ್ಯಾಗ ಸಾಬಾಣ ತಗೊಂಡ್ರೂ ಜಿಎಸ್‌ಟಿ ಕಟ್ಟತಾಳ. ನಿನ್ನ ಇನ್‌ಕಮ್ ಟ್ಯಾಕ್ಸ್ ಮ್ಯಾಲ ಶಿಕ್ಷಣ, ಆರೋಗ್ಯದ್ದಂತ ಶೇ 4 ಸೆಸ್ ಹಿಡೀತಾರಲ್ಲ, ಅದು ಸೀದಾ ನಮ್ಮ ಸಾಲಿಗೆ ಬರೂದಿಲ್ಲ, ಕೇಂದ್ರದ್ದು. ಬ್ಯಾರೆ ತೆರಿಗ್ಯಾಗ ಇರೋ ಹಂಗ ಅದರಾಗ ರಾಜ್ಯಕ್ಕ ಪಾಲ ಇಲ್ಲ. ಯೋಜನಾದ ಹೆಸರಲೆ ಒಂದಿಷ್ಟು ತಿರುಗಿ ಬರತೈತಿ ಅಷ್ಟ.

ಇನ್ನ ಸಾವಿರ ಕೋಟಿ ಮಾತು. 2025-26ರ ರಾಜ್ಯದ ಬಜೆಟ್ 4,09,549 ಕೋಟಿದು, ಶಿಕ್ಷಣಕ್ಕ ಇಟ್ಟದ್ದು 45,286 ಕೋಟಿ. ರೂಪಾಯಿಗೆ ಸುಮಾರು 11 ಪೈಸಾ. ಅದರಾಗ ದೊಡ್ಡ ಪಾಲು ಪಗಾರಕ್ಕ ಹೋಗತೈತಿ, ಹೋಗಲೇಬೇಕು, ಗುರುಗಳಿಲ್ಲದ ಸಾಲಿ ಎಲ್ಲಿದು? ಆದ್ರ ಖೋಲಿತನಕ ಮುಟ್ಟೂದೆಷ್ಟು ಕೇಳು. ನಾ ಎಸ್‌ಡಿಎಂಸಿಯಾಗ, ಅಂದ್ರ ಸಾಲಿ ನೋಡಿಕೊಳ್ಳೋ ಪಾಲಕರ ಸಮಿತ್ಯಾಗ ಅದೇನಿ, ಸಾಲಿ ಪಾಸ್‌ಬುಕ್ ಕೈಯಾಗ ಹಿಡದ ನೋಡೇನಿ. ನಮ್ಮ ಸಾಲ್ಯಾಗ 84 ಹುಡುಗರು. 31 ರಿಂದ 100 ಹುಡುಗರಿರೋ ಸಾಲಿಗೆ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನಾದ ಅನುದಾನ ವರ್ಷಕ್ಕ 25,000. ಭಾಗಿಸಿ ನೋಡು, ಒಂದ ಹುಡುಗಗ ವರ್ಷಕ್ಕ 300 ರೂಪಾಯಿನೂ ಬೀಳೂದಿಲ್ಲ. ನಿನ್ನ ಮಗನ ವ್ಯಾನಿಗೆ ತಿಂಗಳಿಗೆ ಎಷ್ಟ ಕೊಡತೀಯೋ ನಿನಗ ಗೊತ್ತೈತಿ. ಖಡು, ಹಾಜರಿ ಪುಸ್ತಕ, ಕಸಬರಿಗಿ, ಫಿನಾಯಿಲ್, ನಳದ ರಿಪೇರಿ ಎಲ್ಲಾ ಅದರಾಗ. ಹೋದ ವರ್ಷ ಅರ್ಧ ರೊಕ್ಕ ಬಂದದ್ದ ಸಂಕ್ರಮಣ ಆದಮ್ಯಾಲ. ಅಲ್ಲಿತನಕ ಹೆಡ್ ಮಾಸ್ತರು ಕಿಸೇದಾಗಿಂದ ಹಾಕಿದ್ರು.

ಐದನೇತ್ತಾ ಖೋಲಿ ಗ್ವಾಡಿ ಸೀಳೇತಿ. ನಮ್ಮ ರೋಣದ ಕಡಿ ಎರಿ ಮಣ್ಣು ನಿನಗ ಹೇಳಬೇಕಾಗಿಲ್ಲ, ಮಳಿಗೆ ಉಬ್ಬತೈತಿ, ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮ್ಯಾಲಿನ ಗ್ವಾಡಿ ತಡೀಬೇಕಲ್ಲ. ಕಿಡಕಿ ಮೂಲಿಯಿಂದ ಹಿಡದು ಸ್ಲ್ಯಾಬ್‌ತನಕ ಬಿರುಕ ಹೋಗೇತಿ. ನನ್ನ ಮಗಳು ಅದರಾಗ ಪೆನ್ಸಿಲ್ ತುರುಕಿ ತೋರಿಸಿದ್ಲು, ಪೂರಾ ಒಳಗ ಹೋತು. ನನ್ನ ಎದಿ ಧಸಕ್ ಅಂತು. ಈಗ ಆ ಖೋಲಿಗೆ ಕೀಲಿ. ನಾಕನೇತ್ತಾ, ಐದನೇತ್ತಾ ಎರಡೂ ಒಂದ ಕಡೆ ಕೂಡತಾವ. ಒಬ್ಬರ ಅಕ್ಕಾರು ಹಲಗಿ ನಡಬರಕ ಗೆರಿ ಎಳದು, ಈ ಕಡೆ ಭಾಗಾಕಾರ, ಆ ಕಡೆ ಭಿನ್ನರಾಶಿ ಬರೀತಾರ. ಹಿಂದ ಕೂತವಕ್ಕ ಯಾವದ ತಮ್ಮದು ಅನ್ನೂದ ತಿಳಿಯೂದಿಲ್ಲ.

ಕಾಕಾರ, ಗ್ಯಾರಂಟಿಗೆ ಬೊಕ್ಕಸ ಖಾಲಿ ಆತು ಅಂದ್ರಿ. ಅದ ಬಜೆಟ್ಟಿನ್ಯಾಗ ಗ್ಯಾರಂಟಿಗೆ 51,034 ಕೋಟಿ ಐತಿ, ಶಿಕ್ಷಣಕ್ಕಿಂತ ಹೆಚ್ಚಿಗಿ, ಖರೇ. ನನಗೂ ಗೃಹಲಕ್ಷ್ಮಿ 2,000 ಬರತೈತಿ. ಮಗಳ ನೋಟ್‌ಬುಕ್, ಬೂಟು, ಅತ್ತಿಯವರ ಗುಳಿಗಿ ಎಲ್ಲಾ ಅದರಾಗ. ಅದನ್ನ ಬ್ಯಾಡ ಅನ್ನಾಂಗಿಲ್ಲ ನಾ. ಆದ್ರ ಆ 2,000ದಾಗ ಸಾಲಿ ಗ್ವಾಡಿ ಕಟ್ಟಾಕ ಬರೂದಿಲ್ಲ, ಅದನ್ನ ಸರ್ಕಾರನ ಕಟ್ಟಬೇಕು. 2022ರಾಗ ಪಾಲಕರ ಕಡಿಂದ ತಿಂಗಳಿಗೆ 100 ರೂಪಾಯಿ ದೇಣಿಗಿ ತಗೋರಿ ಅಂತ ಸುತ್ತೋಲೆ ಬಂದಿತ್ತು, ಮಂದಿ ಬೈದ ಮ್ಯಾಲ ಹಿಂದಕ್ಕ ತಗೊಂಡ್ರು. ಕೂಲಿ ಮಾಡೋ ಮಂದಿ ಕಡೆ ಎರಡೆರಡ ಸಲ ಇಸಗೊಳ್ಳೂದ ನ್ಯಾಯ ಅಲ್ಲ.

ತಮ್ಮಾ, ನೀ ಸಿವಿಲ್ ಕಲತಾಂವ. ರವಿವಾರ ಬಾ, ಆ ಗ್ವಾಡಿ, ಅಡಿಪಾಯ ನೋಡಿ ಎಷ್ಟ ಖರ್ಚ ಬರತೈತಿ ಅಂತ ಒಂದ ಎಸ್ಟಿಮೇಟ್ ಬರದ ಕೊಡು. ಸೋಮವಾರ ನಾವ ನಾಕ ಮಂದಿ ತಾಲೂಕ ಆಫೀಸಿಗೆ ಅರ್ಜಿ ಕೊಡಾಕ ಹೋಗಾವರದೇವಿ, ಅದಕ್ಕ ಹಚ್ಚತೇವಿ. ಕೀಲಿ ನಾ ಇಸಗೊಂಡ ಇಟ್ಟಿರತೇನಿ.